ಅರವತ್ತು ದಿನಕ್ಕೊಮ್ಮೆ ಬರುವ ತುರ್ತು

ಮೊದಲು ಒಂದು ಪದದ ತಕರಾರು. ಲ್ಯಾಂಡ್‌ಸ್ಲೈಡ್ ಅನ್ನುವುದಕ್ಕೆ ನಾವು ‘ಭೂಕುಸಿತ’ ಅಂತೀವಿ. ಕುಸಿತ ಅಂದ ಕೂಡಲೇ ಕಣ್ಣಿಗೆ ಬರುವುದು ರಾತ್ರಿಯ ಮಳೆ, ದಢಾರನೆ ಸದ್ದು, ಬೆಳಗಾದರೆ ಕೆಸರಿನಡಿ ಮನೆಗಳು. ಕ್ಯಾಲಿಫೋರ್ನಿಯಾದ ರಾಂಚೊ ಪಾಲೋಸ್ ವರ್ಡೀಸ್ ಎಂಬ ಕಡಲಂಚಿನ ಊರಿನಲ್ಲಿ ಸುಮಾರು ಎಪ್ಪತ್ತು ವರ್ಷದಿಂದ ಆಗುತ್ತಿರುವುದು ಹಾಗಲ್ಲ. ಅಲ್ಲಿ ಏನೂ ಕುಸಿಯುವುದಿಲ್ಲ, ಜಾರುತ್ತದೆ. ಮನೆ, ಮರ, ರಸ್ತೆ, ಬೇಲಿ ಎಲ್ಲ ಸಮೇತ ಗುಡ್ಡದ ಒಂದು ಮಗ್ಗುಲೇ ಕಡಲ ಕಡೆಗೆ ತೆವಳುತ್ತದೆ. ಒಳಗೆ ಕೂತವರಿಗೆ ಗೊತ್ತೂ ಆಗುವುದಿಲ್ಲ, ಬಾಗಿಲು ಹಾಕಲು ಹೋಗುವ ತನಕ.

ನಾನಿರುವ ಕಡೆಯಿಂದ ಅಲ್ಲಿಗೆ ಮುಕ್ಕಾಲು ಗಂಟೆ ದಾರಿ. ಕಡಲ ಪಕ್ಕದಲ್ಲೇ ಹೋಗುವ ಪಾಲೋಸ್ ವರ್ಡೀಸ್ ಡ್ರೈವ್ ಸೌತ್ ರಸ್ತೆಯಲ್ಲಿ ಒಂದು ಬೋರ್ಡು ಸಿಗುತ್ತದೆ. ಮುಂದೆ ನೆಲ ಸದಾ ಚಲಿಸುತ್ತಿರುತ್ತದೆ, ಜೋಪಾನ ಅಂತ. ಮೊದಲ ಸಲ ಓದಿದಾಗ ನಕ್ಕಿದ್ದೆ. ಬೋರ್ಡು ದಾಟಿದ ಮೇಲೆ ನಗು ನಿಂತಿತು. ಟಾರಿನ ಮೇಲೆ ಟಾರು, ತೇಪೆಯ ಮೇಲೆ ತೇಪೆ. ಕಾರು ದೋಣಿಯ ಹಾಗೆ ಏಳುತ್ತದೆ, ಬೀಳುತ್ತದೆ. ಬೈಕು, ಸೈಕಲ್ಲುಗಳನ್ನು ಆ ಭಾಗದಲ್ಲಿ ಬಂದ್ ಮಾಡಿದ್ದಾರೆ. ರಸ್ತೆ ಬದಿಯಲ್ಲಿ, ನೆಲದ ಮೇಲೆಯೇ, ದಪ್ಪನೆಯ ಪೈಪು ಉದ್ದಕ್ಕೂ ಮಲಗಿದೆ. ಅದು ಊರಿನ ಒಳಚರಂಡಿ. ಹೆಸರು ‘ಒಳ’ಚರಂಡಿ, ಇರುವುದು ಹೊರಗೆ. ಹೂತರೆ ನೆಲ ಅದನ್ನು ಎಳೆದು ಮುರಿದು ಹಾಕುತ್ತದೆ. ಅದಕ್ಕೇ ಮೇಲೆ ಮಲಗಿಸಿ, ಗುಡ್ಡ ಸರಿದಂತೆಲ್ಲ ಜೋಡಣೆ ಬಿಚ್ಚಿ ಹಾಕಿ ಸರಿಪಡಿಸುತ್ತಾ ಇರುತ್ತಾರೆ. ಕೋಟಿಗಟ್ಟಲೆ ಬೆಲೆಯ ಮನೆಗಳ ಹೊಲಸು ಪೆಸಿಫಿಕ್ ಸಾಗರವನ್ನು ನೋಡಿಕೊಂಡು ಹೋಗುತ್ತದೆ.

ನನ್ನ ಸಹೋದ್ಯೋಗಿಯ ಅಪ್ಪ ಅಲ್ಲಿದ್ದಾರೆ, ನಿವೃತ್ತ ಮೇಷ್ಟ್ರು. ಅವರ ಮನೆಯಡಿ ಕಬ್ಬಿಣದ ತೊಲೆಗಳಿವೆ, ತೊಲೆಗಳಡಿ ಜಾಕುಗಳಿವೆ. ಲಾರಿಯ ಟಯರು ಬಿಚ್ಚುವಾಗ ಕೊಡುತ್ತಾರಲ್ಲ, ಅದರದ್ದೇ ದೊಡ್ಡಣ್ಣ. ಮನೆ ಒಂದು ಕಡೆ ವಾಲಿದಾಗ ಆ ಮೂಲೆಯ ಜಾಕು ತಿರುಗಿಸಿ ಮಟ್ಟ ಮಾಡಿಕೊಳ್ಳುತ್ತಾರೆ. ಅಡುಗೆಮನೆಯ ಬಾಗಿಲನ್ನು ಕೆಳಗಡೆ ಉಜ್ಜಿ ಉಜ್ಜಿ ಈಗ ಬೆಕ್ಕು ನುಸುಳುವಷ್ಟು ಸಂದಿ ಬಿದ್ದಿದೆ, ಆದರೆ ಮೇಲ್ಗಡೆ ಮತ್ತೆ ಕಚ್ಚುತ್ತದೆ. “ಇನ್ನು ಮೇಲ್ಗಡೆ ಉಜ್ಜಬೇಕು” ಅಂದರು, ಗಿಡಕ್ಕೆ ನೀರು ಹಾಕಬೇಕು ಅನ್ನುವ ದನಿಯಲ್ಲಿ.

ಇದು ಸಾವಿರಾರು ವರ್ಷ ಹಳೆಯ ಜಾರಿಕೆಯ ಜಾಗ. ಜ್ವಾಲಾಮುಖಿಯ ಬೂದಿ ಕಾಲಾಂತರದಲ್ಲಿ ಬೆಂಟೊನೈಟ್ ಎಂಬ ಜೇಡಿಯಾಗಿ ಕಲ್ಲಿನ ಪದರಗಳ ನಡುವೆ ಕೂತಿದೆ. ಬೆಕ್ಕು ಸಾಕುವವರು ಡಬ್ಬಿಗೆ ತುಂಬುವ, ನೀರು ಬಿದ್ದರೆ ಉಬ್ಬಿ ಗಂಟಾಗುವ ಮಣ್ಣು ಇದೆಯಲ್ಲ, ಅದೇ. ಪದರಗಳೆಲ್ಲ ಕಡಲ ಕಡೆಗೆ ವಾಲಿವೆ. ಬುಡವನ್ನು ಅಲೆಗಳು ತಿನ್ನುತ್ತಿವೆ. ಇನ್ನು ಬೇಕಿರುವುದು ನೀರು. ನೀರು ಇಳಿದಷ್ಟೂ ಜೇಡಿ ಜಾರುತ್ತದೆ, ಜೊತೆಗೆ ಆಳದಲ್ಲಿ ತುಂಬಿದ ನೀರಿನ ಒತ್ತಡ ಮೇಲಿನ ಗುಡ್ಡವನ್ನು ಚೂರು ಎತ್ತಿ ಹಿಡಿಯುತ್ತದೆ. ತನ್ನ ಭಾರದಿಂದಲೇ ಹಿಡಿದು ಕೂತಿದ್ದ ಗುಡ್ಡದ ಹಿಡಿತ ತಪ್ಪುತ್ತದೆ.

ಮಲಗಿದ್ದ ಇದನ್ನು ಎಬ್ಬಿಸಿದ್ದು 1956ರಲ್ಲಿ. ಲಾಸ್ ಏಂಜಲೀಸ್ ಕೌಂಟಿಯವರು, ಅಂದರೆ ಜಿಲ್ಲಾಡಳಿತದವರು, ಕ್ರೆನ್ಷಾ ಬುಲೆವಾರ್ಡ್ ರಸ್ತೆಯನ್ನು ಮುಂದುವರಿಸಲು ಹೋಗಿ ಗುಡ್ಡದ ತಲೆಯ ಮೇಲೆ ಮಣ್ಣು ಸುರಿದರು. ನೂರಕ್ಕೂ ಹೆಚ್ಚು ಮನೆಗಳು ಹಾಳಾದವು. ಜನ ಕೋರ್ಟಿಗೆ ಹೋದರು. 1965ರಲ್ಲಿ ಕ್ಯಾಲಿಫೋರ್ನಿಯಾ ಸುಪ್ರೀಂ ಕೋರ್ಟು, ಕೌಂಟಿ ಬೇಜವಾಬ್ದಾರಿ ತೋರಿಸಿರಲಿ ಬಿಡಲಿ, ಸಾರ್ವಜನಿಕ ಕೆಲಸದಿಂದ ಆದ ನಷ್ಟವನ್ನು ಕಟ್ಟಿಕೊಡಬೇಕು ಅಂದಿತು. ಒಳ್ಳೆಯ ತೀರ್ಪು. ರಾಂಚೊ ಪಾಲೋಸ್ ವರ್ಡೀಸ್ ನಗರವಾಗಿದ್ದು ಆಮೇಲೆ, 1973ರಲ್ಲಿ. 1978ರಲ್ಲಿ ಪಕ್ಕದ ಅಬಲೋನಿ ಕೋವ್ ಕೂಡ ಜಾರತೊಡಗಿದಾಗ ನಗರಸಭೆ ಹೊಸ ಮನೆಗಳಿಗೆ ತಡೆ ಹಾಕಿತು. ಖಾಲಿ ಸೈಟಿನವರು ಬಿಡುತ್ತಾರೆಯೇ? 2008ರಲ್ಲಿ ಒಂದು ಭಾಗದ ಸೈಟುದಾರರು ಕೇಸು ಗೆದ್ದರು. ಅಪಾಯ ಸಾಬೀತಾಗದೆ ಕಟ್ಟಬೇಡಿ ಅನ್ನುವುದು ಜಮೀನು ಕಿತ್ತುಕೊಂಡ ಹಾಗೆ ಅಂತ ಕೋರ್ಟು ಹೇಳಿತು. ಕಟ್ಟಲು ಬಿಟ್ಟು ಗುಡ್ಡ ಜಾರಿದರೂ ಊರೇ ಹೊಣೆ, ಬಿಡದಿದ್ದರೂ ಊರೇ ಹೊಣೆ. ಅತ್ತ ದರಿ, ಇತ್ತ ಪುಲಿ.

2022-23 ಮತ್ತು 2023-24, ಎರಡು ಮಳೆಗಾಲ ಬೆನ್ನುಬೆನ್ನಿಗೆ ಜೋರಾಗಿ ಹೊಡೆಯಿತು. ವರ್ಷಕ್ಕೆ ಇಷ್ಟು ಅಂತ ಲೆಕ್ಕ ಹಾಕುತ್ತಿದ್ದ ಜಾರಿಕೆಯನ್ನು ವಾರಕ್ಕೆ ಇಷ್ಟು ಅಂತ ಲೆಕ್ಕ ಹಾಕುವಂತಾಯಿತು. 2024ರ ಆಗಸ್ಟಿನಲ್ಲಿ ಕೆಲವು ಕಡೆ ವಾರಕ್ಕೆ ಹೆಚ್ಚುಕಮ್ಮಿ ಒಂದು ಅಡಿ. ಅದೇ ಹೊತ್ತಿಗೆ, ಜಾರುವ ಪದರ ತಾವು ಅಂದುಕೊಂಡಲ್ಲಷ್ಟೇ ಅಲ್ಲ, ಸುಮಾರು 330 ಅಡಿ ಆಳದಲ್ಲಿ ಇನ್ನೊಂದಿದೆ ಅಂತ ಭೂವಿಜ್ಞಾನಿಗಳಿಗೆ ಗೊತ್ತಾಯಿತು. ವರ್ಷಗಟ್ಟಲೆ ತಯಾರಿ ಮಾಡಿಟ್ಟಿದ್ದ ನೀರು ಬಸಿಯುವ ಯೋಜನೆ ಮೂಲೆಗೆ ಸೇರಿತು. ಪೈಪು ಆ ಆಳಕ್ಕೆ ಮುಟ್ಟುವುದೇ ಇಲ್ಲವಲ್ಲ.

ವಾಸ್ತುಶಿಲ್ಪಿ ಲಾಯ್ಡ್ ರೈಟ್ 1951ರಲ್ಲಿ ಕಟ್ಟಿದ ವೇಫೇರರ್ಸ್ ಚಾಪೆಲ್ ಎಂಬ ಗಾಜಿನ ಪ್ರಾರ್ಥನಾ ಮಂದಿರ ಅಲ್ಲೇ ಇತ್ತು. 2023ರ ಡಿಸೆಂಬರಿನಲ್ಲಿ ಅದಕ್ಕೆ ರಾಷ್ಟ್ರೀಯ ಸ್ಮಾರಕದ ಪಟ್ಟ ಸಿಕ್ಕಿತು. ಮುಂದಿನ ಫೆಬ್ರವರಿಯಲ್ಲಿ ಬೀಗ. ಆಮೇಲೆ ಒಂದೊಂದೇ ತುಂಡು ಬಿಚ್ಚಿ ಎತ್ತಿಟ್ಟರು. ಜುಲೈ ಕೊನೆಗೆ 135 ಮನೆಗಳ ಗ್ಯಾಸ್ ಸಂಪರ್ಕ ಕಡಿದರು. ಆಗಸ್ಟ್ ಕೊನೆಯಲ್ಲಿ ವಿದ್ಯುತ್ ತಂತಿ ಬಿದ್ದು ಸಣ್ಣ ಬೆಂಕಿ ಹತ್ತಿತು. ಸೆಪ್ಟೆಂಬರ್ 1ರಂದು ಪೋರ್ಚುಗೀಸ್ ಬೆಂಡ್ ಭಾಗದ 140 ಮನೆಗಳ ಕರೆಂಟೂ ಹೋಯಿತು. ಇಲ್ಲೊಂದು ವಿಪರ್ಯಾಸ ಇದೆ, ನನ್ನ ತಲೆಯಿಂದ ಹೋಗುತ್ತಲೇ ಇಲ್ಲ. ಗುಡ್ಡವನ್ನು ನಿಧಾನ ಮಾಡುವ ಮುಖ್ಯ ಉಪಾಯ ಬಾವಿ ತೋಡಿ ಪಂಪು ಹಾಕಿ ನೀರೆತ್ತುವುದು. ಪಂಪಿಗೆ ಕರೆಂಟು ಬೇಕು. ಗುಡ್ಡ ಜಾರುತ್ತಿದೆ ಅಂತ ಕರೆಂಟು ತೆಗೆದರೆ ಪಂಪು ನಿಲ್ಲುತ್ತದೆ, ಪಂಪು ನಿಂತರೆ ಗುಡ್ಡ ಜಾರುತ್ತದೆ. ಕೊನೆಗೆ ಜನರೇಟರು ತಂದು ಪಂಪು ಓಡಿಸಿದರು.

ಎರಡು ದಿನ ಬಿಟ್ಟು, ಸೆಪ್ಟೆಂಬರ್ 3ರಂದು, ಗವರ್ನರ್ ನ್ಯೂಸಮ್ ತುರ್ತು ಪರಿಸ್ಥಿತಿ ಘೋಷಿಸಿದರು. ನಗರಸಭೆ ತನ್ನ ತುರ್ತನ್ನು 2023ರ ಅಕ್ಟೋಬರಿನಲ್ಲೇ ಘೋಷಿಸಿಕೊಂಡಿತ್ತು. ಅಲ್ಲಿನ ಕಾನೂನಿನ ಪ್ರಕಾರ ಊರ ಮಟ್ಟದ ತುರ್ತನ್ನು 60 ದಿನಕ್ಕೊಮ್ಮೆಯಾದರೂ ಪರಿಶೀಲಿಸಬೇಕು. ಹಾಗಾಗಿ ಸಭೆ ಸೇರುತ್ತಾರೆ, ತುರ್ತು ಇದೆಯೇ? ಇದೆ. ಮುಂದುವರಿಸೋಣವೇ? ಮುಂದುವರಿಸೋಣ. ಗ್ಯಾಸ್ ಸಿಲಿಂಡರ್ ಬುಕ್ ಮಾಡಿದ ಹಾಗೆ. ಕೇಳಲು ಹಾಸ್ಯ, ಆದರೆ ಇದರೊಳಗೇ ನನ್ನ ತಕರಾರು ಇರುವುದು. ನಮ್ಮ ಎಲ್ಲ ‘ತುರ್ತು’ ಕಾನೂನುಗಳೂ ವಿಪತ್ತಿಗೊಂದು ತಾರೀಖು ಕೇಳುತ್ತವೆ. ಯಾವತ್ತು ಆಯಿತು? ಯಾವ ಮಳೆಗೆ ಆಯಿತು? ಅರ್ಜಿಯ ಮೊದಲ ಗೆರೆಯಲ್ಲೇ ಮೇಷ್ಟ್ರು ಸಿಕ್ಕಿಬೀಳುತ್ತಾರೆ. ಊರು ಕೇಂದ್ರದ ವಿಪತ್ತು ನಿರ್ವಹಣೆಯ ಫೀಮಾ ಸಂಸ್ಥೆಗೆ ಖರ್ಚು ಕೊಡಿ ಅಂತ ಕೇಳಿದಾಗ ಸಿಕ್ಕ ಉತ್ತರದ ಸಾರವೂ ಇಷ್ಟೇ: ಈ ಜಾರಿಕೆ ಆ ಬಿರುಗಾಳಿ ಮಳೆಗಿಂತ ಮುಂಚಿನದು, ಆದ್ದರಿಂದ ಸೇರುವುದಿಲ್ಲ. ಮನೆ ವಿಮೆ ಕೇಳಿದರೆ, ಸಾಮಾನ್ಯ ಪಾಲಿಸಿಯಲ್ಲಿ ನೆಲ ಸರಿದ ನಷ್ಟವನ್ನೇ ಹೊರಗಿಟ್ಟಿರುತ್ತಾರೆ. ಒಂದೇ ರಾತ್ರಿ ಸತ್ತರೆ ಪರಿಹಾರ, ಎಪ್ಪತ್ತು ವರ್ಷ ನರಳಿದರೆ ‘ನಿಮಗೆ ಮೊದಲೇ ಗೊತ್ತಿತ್ತಲ್ಲ’.

ಹೌದು, ಗೊತ್ತಿತ್ತು. ಈ ಮಾತನ್ನು ನಾನೂ ಆಡಿದವನೇ. ಕಡಲು ಕಾಣುವ ಗುಡ್ಡದ ಮೇಲೆ ಬಂಗಲೆ ಬೇಕು ಅಂತ ಹೋದ ಶ್ರೀಮಂತರಿಗೆ ತೆರಿಗೆ ಹಣ ಯಾಕೆ ಅಂತ. ಈಗಲೂ ಆ ಪ್ರಶ್ನೆಯನ್ನು ಪೂರ್ತಿ ಬಿಟ್ಟಿಲ್ಲ. ಆದರೆ 2024ರ ಅಕ್ಟೋಬರಿನಲ್ಲಿ ಬಂದ ಖರೀದಿ ಯೋಜನೆ ನೋಡಿದ ಮೇಲೆ ಕೋಪ ಸ್ವಲ್ಪ ಇಳಿಯಿತು. 4.2 ಕೋಟಿ ಡಾಲರ್, ಸುಮಾರು 20 ಮನೆಗಳಿಗೆ. ಈಗಿನ ಪಾತಾಳದ ಬೆಲೆಯಲ್ಲ, ಜಾರಿಕೆ ಜೋರಾಗುವ ಮುಂಚಿನ 2022ರ ಡಿಸೆಂಬರಿನ ಬೆಲೆ ಹಿಡಿದು ಅದರ ಮುಕ್ಕಾಲು ಪಾಲು ಕೊಡುವುದು. ಕೊಂಡ ಮನೆಯನ್ನು ಕೆಡವಿ ಆ ಜಾಗದಲ್ಲಿ ಮತ್ತೆಂದೂ ಯಾರೂ ಕಟ್ಟದಂತೆ ಬಯಲಾಗಿಯೇ ಉಳಿಸುವುದು. ನನಗೆ ಇಷ್ಟವಾಗಿದ್ದು ಆ ಕೊನೆಯ ಷರತ್ತು. ಇದು ದಾನವಲ್ಲ, ಗುಡ್ಡಕ್ಕೆ ಜಾಗ ವಾಪಸು ಕೊಡುವುದಕ್ಕೆ ತೆತ್ತ ಬೆಲೆ. ಮುಕ್ಕಾಲು ಪಾಲು ಯಾಕೆ, ಪೂರ್ತಿ ಕೊಡಿ ಅನ್ನುವವರಿದ್ದಾರೆ. ನಾನು ಒಪ್ಪುವುದಿಲ್ಲ. ಆ ಕಾಲು ಪಾಲು ಸಮುದ್ರ ನೋಡಿದ್ದಕ್ಕೆ.

ಬಾವಿಗಳ ವಿಷಯಕ್ಕೆ ಮಾತ್ರ ಸಿಟ್ಟು ಇಳಿದಿಲ್ಲ. ನೀರೆತ್ತಿದರೆ ವೇಗ ತಗ್ಗುತ್ತದೆ ಅಂತ ಅಬಲೋನಿ ಕೋವ್‌ನ ಜನಕ್ಕೆ 1980ರ ದಶಕದಿಂದ ಗೊತ್ತು. ತಾವೇ ಒಂದು ಸಂಘದಂಥ ಸಂಸ್ಥೆ ಮಾಡಿಕೊಂಡು, ತಮ್ಮ ಮೇಲೆ ತಾವೇ ಶುಲ್ಕ ಹಾಕಿಕೊಂಡು ಬಾವಿ ನಡೆಸಿದರು. 2024ರ ಕೊನೆಗೆ ನಗರಸಭೆ ಆಳದ ಬಾವಿಗಳನ್ನು ಕೊರೆಸಿದ ಮೇಲೆ ಜಾರಿಕೆ ನಿಧಾನವಾಯಿತು ಕೂಡ. ಹಾಗಿದ್ದರೆ ಇದು ತುರ್ತು ಕೆಲಸವಲ್ಲ, ಕಸ ಎತ್ತುವ ಹಾಗೆ, ಬೀದಿದೀಪ ಹಾಕುವ ಹಾಗೆ ದಿನಾ ಮಾಡುವ ಕೆಲಸ. ಪಂಪಿನ ಡೀಸೆಲ್ಲಿಗೆ ವರ್ಷ ವರ್ಷ ದುಡ್ಡು ಎತ್ತಿಡುವುದರಲ್ಲಿ ಯಾವ ರಾಜಕಾರಣಿಗೂ ಫೋಟೊ ಸಿಗುವುದಿಲ್ಲ, ಅದಕ್ಕೇ ಅದು ಘೋಷಣೆಯ ತನಕ ಕಾಯುತ್ತದೆ.

ಇದನ್ನೆಲ್ಲ ಓದುವಾಗ ಉತ್ತರಾಖಂಡದ ಜೋಶಿಮಠ ನೆನಪಾಗದೆ ಇರದು. ಅದೂ ಹಳೆಯ ಜಾರಿಕೆಯ ಮಣ್ಣಿನ ಮೇಲೆ ಕೂತ ಊರು, ಭಾರಿ ಕಟ್ಟಡ ಬೇಡ, ಬಂಡೆ ಕೀಳಬೇಡಿ ಅಂತ 1976ರಲ್ಲೇ ಮಿಶ್ರಾ ಸಮಿತಿ ಬರೆದುಕೊಟ್ಟಿತ್ತು. 2023ರ ಜನವರಿಯಲ್ಲಿ 868 ಮನೆಗಳಲ್ಲಿ ಬಿರುಕು. 12 ದಿನದಲ್ಲಿ ಊರು 5.4 ಸೆಂಟಿಮೀಟರ್ ಇಳಿದಿದೆ ಅಂತ ಉಪಗ್ರಹ ಚಿತ್ರ ನೋಡಿ ಇಸ್ರೋದ ದೂರಸಂವೇದಿ ಕೇಂದ್ರ ಪ್ರಕಟಿಸಿತು, ಪ್ರಕಟಿಸಿದ್ದನ್ನು ಹಿಂದಕ್ಕೆ ತೆಗೆಯಿತು. ಸಂಸ್ಥೆಗಳಿಗೆ, ಮಾಧ್ಯಮದ ಮುಂದೆ ಬಾಯಿ ಬಿಡಬೇಡಿ ಅಂತ ಆದೇಶ ಹೋಯಿತು. ಇತ್ತ ರಾಂಚೊ ಪಾಲೋಸ್ ವರ್ಡೀಸ್‌ನಲ್ಲಿ ಜಿಪಿಎಸ್ ಅಳತೆ ಬಂದ ಕೂಡಲೇ ಸಭೆಯಲ್ಲಿ ಜನರ ಮುಂದೆ ಇಡುತ್ತಾರೆ. ಎಲ್ಲಿ ಎಷ್ಟು ಇಂಚು, ಹೋದ ತಿಂಗಳಿಗಿಂತ ಹೆಚ್ಚೋ ಕಮ್ಮಿಯೋ. 2024ರ ಶರತ್ಕಾಲದಲ್ಲಿ ನಾಸಾದವರು ವಿಮಾನದ ರೇಡಾರಿನಿಂದ ಅಳೆದು ವಾರಕ್ಕೆ 10 ಸೆಂಟಿಮೀಟರ್ ತನಕ ಜಾರುತ್ತಿದೆ ಅಂತ ನಕ್ಷೆ ಸಮೇತ ಹಾಕಿದರು. ಆ ಊರಿನ ದುಡ್ಡು, ಯಂತ್ರ ನಮಗೆ ಬರಲಿಕ್ಕಿಲ್ಲ. ಅಳತೆ ಮುಚ್ಚಿಡದಿರುವುದಕ್ಕೆ ದುಡ್ಡು ಬೇಕಿಲ್ಲವಲ್ಲ. ಭಯ ಹುಟ್ಟುತ್ತದೆ ಅನ್ನುವ ನೆಪ ನನಗೆ ಒಪ್ಪಿಗೆಯಿಲ್ಲ. ಗೋಡೆಯ ಬಿರುಕಿನಲ್ಲಿ ಬೆರಳು ತೂರುತ್ತಿರುವವನಿಗೆ ಭಯ ಹುಟ್ಟಿಸಲು ಉಪಗ್ರಹ ಬೇಕೇ?

ಹೋದ ತಿಂಗಳು ಮತ್ತೆ ಮೇಷ್ಟ್ರ ಮನೆಗೆ ಹೋಗಿದ್ದೆ. ಕರೆಂಟು ಇಲ್ಲ, ಮಾಡಿನ ಮೇಲಿನ ಸೋಲಾರು, ಹಿತ್ತಿಲಲ್ಲಿ ಪ್ರೊಪೇನ್ ಟ್ಯಾಂಕು. ಖರೀದಿಗೆ ಅರ್ಜಿ ಹಾಕಿದಿರಾ ಅಂದೆ. ಹೆಂಡತಿಗೆ ಹಾಕಬೇಕು ಅಂತ, ತನಗೆ ಬೇಡ ಅಂತ ಅಂದರು. ಹಿತ್ತಿಲಿನ ನಿಂಬೆ ಗಿಡದಿಂದ ನಾಲ್ಕು ಹಣ್ಣು ಕಿತ್ತು ಕೈಗೆ ಹಾಕಿದರು. ಸರ್ವೆ ದಾಖಲೆಯ ಪ್ರಕಾರ ಗಡಿ ಎಲ್ಲಿತ್ತೋ ಅಲ್ಲೇ ಇದೆ. ಗಿಡ ಮಾತ್ರ ಸರಿದು ಸರಿದು ಈಗ ಪಕ್ಕದವರ ಜಾಗದಲ್ಲಿದೆ.

“ಹಾಗಾದರೆ ಹಣ್ಣು ಅವರದ್ದಾಯ್ತಲ್ಲ” ಅಂದೆ.

“ಅವರ ಗ್ಯಾರೇಜು ಅದರಾಚೆಯವರ ಜಾಗದಲ್ಲಿದೆ” ಅಂದರು. “ನಾವ್ಯಾರೂ ಅದನ್ನು ಮಾತಾಡುವುದಿಲ್ಲ.”