ಚೆಕ್ಕುಬಂದಿಯೊಳಗಿನ ಪಟ್ಟಣ

ಅಂತೂ ನಮ್ಮೂರು ಪಟ್ಟಣವಾಯಿತು. ರಾಜ್ಯಪತ್ರದಲ್ಲಿ ಅಚ್ಚಾದ ಮೇಲೆ ಆಯಿತೆಂದೇ ಲೆಕ್ಕ. ಪಟಾಕಿ ಹೊಡೆದವರ, ಫ್ಲೆಕ್ಸ್ ಕಟ್ಟಿದವರ, ಫ್ಲೆಕ್ಸಿನಲ್ಲಿ ತಮ್ಮ ಮುಖ ಚಿಕ್ಕದಾಯಿತೆಂದು ಮುನಿಸಿಕೊಂಡವರ ಸುದ್ದಿಯನ್ನೆಲ್ಲ ನೀವೂ ಓದಿದ್ದೀರಿ. ಆ ಫ್ಲೆಕ್ಸ್ ಈಗ ಎದುರುಮನೆಯ ಹುಲ್ಲಿನ ಬಣವೆಗೆ ಹೊದಿಕೆಯಾಗಿದೆ. ಪಟ್ಟಣ ಪಂಚಾಯಿತಿಯಿಂದ ಈವರೆಗೆ ಆದ ಉಪಕಾರ ಅದೊಂದೇ ಎಂಬುದು ಬಣವೆಯ ಯಜಮಾನರ ಅಭಿಪ್ರಾಯ.

ಪಟ್ಟಣವಾಗುವುದೇನು ಸುಮ್ಮನೆ ಅಲ್ಲ. 1964ರ ಪುರಸಭೆಗಳ ಕಾಯ್ದೆಗೆ ಕನಿಷ್ಠ 10,000 ಜನ ಬೇಕು, ಚದರ ಕಿಲೋಮೀಟರಿಗೆ 400 ಜನರ ಸಾಂದ್ರತೆ ಬೇಕು, ಅರ್ಧದಷ್ಟಾದರೂ ಉದ್ಯೋಗ ಬೇಸಾಯದ ಹೊರಗಿರಬೇಕು. ನಮ್ಮಲ್ಲಿ ತಲೆಗಳು ಸಾಲಲಿಲ್ಲ. ಪಕ್ಕದ ಮನೆಯಿಂದ ಸಕ್ಕರೆ ಕಡ ತಂದ ಹಾಗೆ ಪಕ್ಕದ ಎರಡು ಊರುಗಳನ್ನು ತಂದು ಸೇರಿಸಿದರು. ಎಣಿಕೆ 2011ರ ಜನಗಣತಿಯದು. ಆಮೇಲೆ ತೀರಿಕೊಂಡ ನಮ್ಮಜ್ಜಿಯೂ ಆ ಲೆಕ್ಕದಲ್ಲಿದ್ದಾರೆ. ಬದುಕಿದ್ದಾಗ ಸಂತೆಯಾಚೆಗಿನ ಊರು ಕಂಡವರಲ್ಲ, ಸತ್ತ ಮೇಲೆ ಪಟ್ಟಣವಾಸಿಯಾದರು. ಇನ್ನು ಬೇಸಾಯದ ಹೊರಗಿನ ಉದ್ಯೋಗಕ್ಕೆ ಕೊರತೆಯೇ ಇಲ್ಲ; ಮಳೆ ಕೈಕೊಟ್ಟ ವರ್ಷ ಇಡೀ ಊರೇ ಬೇಸಾಯದ ಹೊರಗಿರುತ್ತದೆ.

ಅಧಿಸೂಚನೆಯಲ್ಲಿ ನಾನು ಮನಸೋತದ್ದು ಚೆಕ್ಕುಬಂದಿಗೆ. ಪೂರ್ವಕ್ಕೆ ಹಳ್ಳ, ಪಶ್ಚಿಮಕ್ಕೆ ಗೋಮಾಳ, ಉತ್ತರಕ್ಕೆ ಕೆರೆಯ ಕೋಡಿ, ದಕ್ಷಿಣಕ್ಕೆ ಸರ್ವೆ ನಂಬರುಗಳ ದೊಡ್ಡ ಸಾಲು. ಓದಿದರೆ ಹಳೆಯ ಶಾಸನದ ಗಾಂಭೀರ್ಯ. ಹಳ್ಳವನ್ನು ಹುಡುಕಿಕೊಂಡು ಹೋದೆ. ಅದನ್ನು ಉತ್ತು ಮೆಣಸಿನ ಸಸಿ ನೆಟ್ಟಿದ್ದಾರೆ. ಗೋಮಾಳದಲ್ಲಿ ಬಡಾವಣೆಯ ಕಲ್ಲುಗಳು ಮೇಯುತ್ತಿವೆ. ಕೆರೆ ಕೋಡಿ ಬಿದ್ದದ್ದನ್ನು ಕಂಡವರು ಊರಲ್ಲಿ ಉಳಿದಿರುವುದು ಮೂವರು, ಅವರಲ್ಲಿ ಇಬ್ಬರಿಗೆ ಮರೆವು. ಹೀಗೆ ಇಲ್ಲದ ಹಳ್ಳಕ್ಕೂ ಇಲ್ಲದ ಗೋಮಾಳಕ್ಕೂ ನಡುವೆ ನಮ್ಮ ಪಟ್ಟಣ ಕಂಗೊಳಿಸುತ್ತಿದೆ.

ಗಡಿಯ ಗೆರೆ ಒಬ್ಬರ ಮನೆಗೂ ಕೊಟ್ಟಿಗೆಗೂ ನಡುವೆ ಹಾದುಹೋಗಿದೆ. ಯಜಮಾನರು ಪಟ್ಟಣದವರು, ಎಮ್ಮೆ ಹಳ್ಳಿಯದು. ನನ್ನನ್ನು ಕೇಳಿದರೆ ಎಮ್ಮೆಯ ಸ್ಥಿತಿಯೇ ವಾಸಿ, ಅದಕ್ಕೆ ಗ್ರಾಮಸಭೆಯಿದೆ. ಆರು ತಿಂಗಳಿಗೊಮ್ಮೆಯಾದರೂ ಗ್ರಾಮಸಭೆ ನಡೆಸಬೇಕೆಂದು 1993ರ ಪಂಚಾಯತ್ ರಾಜ್ ಕಾಯ್ದೆ ಹೇಳುತ್ತದೆ. ಅದರಿಂದ ಬೀದಿದೀಪವೇನೂ ಹೊತ್ತಿಕೊಳ್ಳುತ್ತಿರಲಿಲ್ಲ, ನಿಜ. ಎದ್ದು ನಿಂತು ಅಧ್ಯಕ್ಷರನ್ನು ಮನಸಾರೆ ಬೈಯಬಹುದಿತ್ತು. ಈಗ ಬೈಯೋಣವೆಂದರೆ ಅಧ್ಯಕ್ಷರೇ ಇಲ್ಲ. ವಾರ್ಡುಗಳ ವಿಂಗಡಣೆಯಾಗಬೇಕು, ಮೀಸಲಾತಿ ಪಟ್ಟಿ ಬರಬೇಕು, ಪಟ್ಟಿಯ ವಿರುದ್ಧ ಯಾರಾದರೂ ಹೈಕೋರ್ಟಿಗೆ ಹೋಗಬೇಕು, ಅಲ್ಲಿ ಮುಂದಿನ ದಿನಾಂಕ ಸಿಗಬೇಕು. ಅಲ್ಲಿಯವರೆಗೆ ಆಡಳಿತಾಧಿಕಾರಿ. 2021ರಲ್ಲಿ ಅವಧಿ ಮುಗಿದ ಜಿಲ್ಲಾ ಮತ್ತು ತಾಲ್ಲೂಕು ಪಂಚಾಯಿತಿಗಳನ್ನು ವರ್ಷಗಟ್ಟಲೆ ಚುನಾವಣೆಯಿಲ್ಲದೆ ಸಾಕಿದ ನಾಡಿಗೆ ನಮ್ಮದೊಂದು ಪಟ್ಟಣ ಭಾರವೇ?

ಹಿಂದಿನ ಬೀದಿಯ ಹೆಂಗಸೊಬ್ಬರು ಮೊನ್ನೆ ಜಾಬ್ ಕಾರ್ಡ್ ಹಿಡಿದು ಕೆಲಸ ಕೇಳಲು ಹೋದರು. ಉದ್ಯೋಗ ಖಾತ್ರಿ ಹಳ್ಳಿಯವರಿಗೆ ಮಾತ್ರ, ನೀವೀಗ ಪಟ್ಟಣದವರು ಎಂದು ತಿರುಗಿಸಿ ಕಳುಹಿಸಿದರು. ಆಕೆ ಎಲ್ಲಿಗೂ ಹೋಗಿರಲಿಲ್ಲ. ಅದೇ ಮಣ್ಣಿನ ಗೋಡೆ, ಅದೇ ಸೋರುವ ಹೆಂಚು, ನೀರು ಬಂದರೆ ಬಂತು. ಗೋಡೆಯ ಮೇಲಿನ ಕಂದಾಯ ಏರಿತು, ಕೈಯಲ್ಲಿದ್ದ ಕೂಲಿ ಹೋಯಿತು. ಇದಕ್ಕೆ ಮೇಲ್ದರ್ಜೆ ಎಂದು ಹೆಸರಿಡಲು ಇವರಿಗೆ ನಾಲಿಗೆಯಾದರೂ ಹೇಗೆ ಹೊರಳಿತು? ಕೇಳಿ ಕೇಳಿ ನನಗೂ ಸಾಕಾಗಿದೆ.

ಗಡಿಯ ಮನೆಯ ಯಜಮಾನರು ಮಾತ್ರ ಸುಮ್ಮನೆ ಕೂತಿಲ್ಲ. ಕೊಟ್ಟಿಗೆಗೆ ಹೊಸ ಬಾಗಿಲು ಇಡಿಸುತ್ತಿದ್ದಾರೆ, ಗೋಡೆಗೆ ಸುಣ್ಣವೂ ಆಗಿದೆ. ಮುಂದಿನ ತಿಂಗಳು ಪಡಿತರ ಚೀಟಿಯ ವಿಳಾಸವನ್ನು ಅಲ್ಲಿಗೆ ಬದಲಿಸಿಕೊಳ್ಳುತ್ತಾರಂತೆ.