ಆ ಫೋಟೋ ಅಳಿಸಿ ಟೀಚರ್

ಎಡಗಡೆಯಿಂದ ಮೂರನೇ ಜೊತೆ ಕಾಲು ನನ್ನ ಮಗಳದ್ದು.

ಶಾಲೆಯ ಹೆತ್ತವರ ಫೋನ್ ಗುಂಪಿನಲ್ಲಿ ಇರುವವರಿಗೆ ಯಾವ ಫೋಟೋ ಅಂತ ಗೊತ್ತುಂಟು. ಶೂ ಹಾಕದೆ ಬಂದ ಮಕ್ಕಳದ್ದು, ಟೀಚರ್ ಹಾಕಿದ್ದು. ಮಧ್ಯಾಹ್ನ ಊಟದ ಹೊತ್ತಿಗೆ ಬಂತು. ಆಗಿನಿಂದ ಈವರೆಗೆ ಒಂದು ಕೆಲಸದಲ್ಲೂ ಮನಸ್ಸಿಲ್ಲ. ಇದನ್ನು ಬರೆಯದಿದ್ರೆ ಇವತ್ತು ನಿದ್ರೆ ಬರ್ಲಿಕ್ಕಿಲ್ಲ, ಅದಕ್ಕೆ ಬರೀತಾ ಇದ್ದೇನೆ. ಮನೆಯ ವಿಷಯ ಊರಿಗೆ ಹೇಳ್ತಾಳೆ ಅನ್ನುವವರು ಅನ್ನಲಿ. ಊರಿಗೆ ಮೊದಲು ಹೇಳಿದ್ದು ನಾನಲ್ಲ.

ಫೋಟೋದಲ್ಲಿ ಮುಖ ಇಲ್ಲ, ಮೊಣಕಾಲಿನಿಂದ ಕೆಳಗೆ ಮಾತ್ರ. ಐದು ಮಕ್ಕಳನ್ನು ಆಫೀಸಿನ ಜಗಲಿಯಲ್ಲಿ ಗೋಡೆಗೆ ಒತ್ತಿ ಸಾಲಾಗಿ ನಿಲ್ಲಿಸಿ, ಬಗ್ಗಿ ತೆಗೆದದ್ದು. ಸಿಮೆಂಟು ನೆಲದಲ್ಲಿ ಕಾಲುಗಳ ಸುತ್ತ ಕೆಂಪು ಮಣ್ಣಿನ ನೀರು. ಒಬ್ಬನದ್ದು ಕಪ್ಪು ಪ್ಲಾಸ್ಟಿಕ್ ಚಪ್ಪಲಿ, ಒಬ್ಬಳದ್ದು ಬರಿಗಾಲು. ಮೂರನೆಯದ್ದು ನೀಲಿ ಹವಾಯಿ. ಬಲಗಾಲಿನ ಬಾರು ನೀಲಿ, ಎಡಗಾಲಿನದ್ದು ಬಿಳಿ. ಆ ಬಿಳಿ ಬಾರು ಹಾಕಿ ಕೊಟ್ಟದ್ದು ನಾನು. ಹಳೆ ಚಪ್ಪಲಿಯಿಂದ ಕಿತ್ತು, ಸಾಬೂನು ಹಚ್ಚಿ ತೂತಿಗೆ ನೂಕಿದ್ದು. ಹೆಬ್ಬೆರಳಿನ ಉಗುರು ಅರ್ಧ ಕಪ್ಪು, ಬೇಸಿಗೆಯಲ್ಲಿ ಅಡಿಕೆ ಒಣಹಾಕಿದ ಅಂಗಳದಲ್ಲಿ ಕಲ್ಲಿಗೆ ಎಡವಿದ್ದು. ಬೇರೆ ಯಾರಿಗೆ ಗೊತ್ತಾಗದಿದ್ರೂ ಹೆತ್ತವಳಿಗೆ ಗೊತ್ತಾಗುದಿಲ್ವಾ?

ಅದೆಲ್ಲ ಹೋಗ್ಲಿ. ನನಗೆ ತಡೀಲಿಕ್ಕೆ ಆಗದ್ದು ಒಂದೇ ವಿಷಯ. ಅವಳು ಬಲಗಾಲನ್ನು ಎತ್ತಿ ಎಡಗಾಲಿನ ಮೇಲೆ ಇಟ್ಟಿದ್ದಾಳೆ. ಆ ಬಿಳಿ ಬಾರು ಕಾಣಬಾರದು ಅಂತ. ಫೋಟೋ ತೆಗೆಯುವಾಗ ಅಷ್ಟು ಅವಸರದಲ್ಲಿ ನನ್ನ ಮಗುವಿಗೆ ಹೊಳೆದದ್ದು ಅದು. ಬೆರಳುಗಳು ಒಳಗೆ ಮಡಚಿಕೊಂಡಿವೆ. ದೊಡ್ಡದು ಮಾಡಿ ನೋಡಿದೆ. ನೋಡಬಾರದು ಅಂತ ಫೋನ್ ಕವುಚಿ ಹಾಕಿದೆ, ಮತ್ತೆ ತೆಗೆದು ನೋಡಿದೆ. ಬೆರಳು ಮಡಚಿಯೇ ಇತ್ತು.

ಕೆಳಗೆ ಬರೆದದ್ದು: "ಶಿಸ್ತು ಮನೆಯಿಂದಲೇ ಸುರು ಆಗಬೇಕು. ಹೆತ್ತವರು ಗಮನಿಸಿ." ಕೈಮುಗಿದ ಚಿತ್ರ ಎರಡು. ಅದರ ಕೆಳಗೆ ಸಾಲುಸಾಲು ಹೆಬ್ಬೆರಳು. ಒಬ್ಬರು "ಒಳ್ಳೆ ಕೆಲಸ ಟೀಚರ್" ಅಂತ ಬೇರೆ ಬರೆದಿದ್ದಾರೆ. ನಮ್ಮ ಹೆಂಗಸರ ಸಂಘ ಕುಡುಂಬಶ್ರೀಯ ಮೀಟಿಂಗಿನಲ್ಲಿ ನನ್ನ ಪಕ್ಕ ಕೂತು ಕಷ್ಟಸುಖ ಹೇಳುವವರೂ ಹೆಬ್ಬೆರಳು ಒತ್ತಿದ್ದಾರೆ. ಅವರ ಹೆಸರು ನಾನು ಇಲ್ಲಿ ಹಾಕುದಿಲ್ಲ. ಓದಿದರೆ ಅವರಿಗೇ ಗೊತ್ತಾಗ್ಲಿ.

ಫೋನ್ ಮಾಡಿದೆ. ಎತ್ತಲಿಲ್ಲ. ಶಾಲೆ ಬಿಡುವ ಹೊತ್ತಿಗೆ ಎತ್ತಿದರು. ಮರ್ಯಾದೆಯಲ್ಲೇ ಕೇಳಿದೆ: "ಟೀಚರ್, ಮಕ್ಕಳ ಕಾಲಿನ ಫೋಟೋ ಯಾಕೆ ಹಾಕಿದ್ದು?" "ಮುಖ ಹಾಕ್ಲಿಲ್ಲ ಅಲ್ವಾ ಅಮ್ಮ, ಯಾರ ಮಗು ಅಂತ ಯಾರಿಗೆ ಗೊತ್ತಾಗ್ತದೆ?" ಅಂದರು. ಶೂ ತುಂಬ ನೀರು ಅಂದೆ. "ಬೇರೆ ಮಕ್ಕಳು ಹಾಕಿಕೊಂಡು ಬರ್ಲಿಲ್ವಾ?" ಅಂದರು. ನಾನು ಸರಿ ಟೀಚರ್ ಅಂತ ಹೇಳಿ ಇಟ್ಟೆ. ಯಾಕೆ ಸರಿ ಅಂದೆ, ಎಂತ ಸರಿ, ಯಾವುದು ಸರಿ? ಟೀಚರ ಎದುರು ಬಾಯಿ ಬಾರದ ಹಾಗೆ ನಮ್ಮನ್ನು ಬೆಳೆಸಿದ್ದು ಇದೇ ಶಾಲೆಗಳು ಅಲ್ವಾ?

ಐದು ಗಂಟೆಗೆ ಮಗಳು ಬಂದಳು. ಚೀಲ ಇಟ್ಟು, ಕೊಡೆ ಬಿಡಿಸಿ ಜಗಲಿಯ ಮೂಲೆಗೆ ಇಟ್ಟು, ನನ್ನ ಮುಖ ನೋಡದೆ ಕೇಳಿದಳು: "ಅಮ್ಮ, ಮುಖ ಬರ್ಲಿಲ್ಲ ಅಲ್ವಾ?"

ಟೀಚರ್ ಹೇಳಿದ್ದೂ ಅದೇ ಮಾತು. ಹನ್ನೆರಡು ವರ್ಷದ ಮಗು ಅದನ್ನೇ ಸಮಾಧಾನ ಅಂತ ಹಿಡಿದುಕೊಂಡು ಬಂದಿದೆ. ಬರ್ಲಿಲ್ಲ ಮಗಾ ಅಂತ ಹೇಳಿದೆ. ಚಾ ಕುಡಿಯಲಿಲ್ಲ. ನಾಳೆ ಒದ್ದೆ ಶೂವೇ ಹಾಕ್ತೇನೆ ಅಂದಳು.

ಒದ್ದೆ ಶೂ ಅಂದ್ರೆ ಎಂತ ಅಂತ ಶೂವೇ ಹಾಕಬೇಕು ಅನ್ನುವ ಆ ನಿಯಮ ಬರೆದವರಿಗೆ ಗೊತ್ತುಂಟಾ? ಕಾಸರಗೋಡಿನ ಬದಿಯಡ್ಕದಿಂದ ಪೆರ್ಲಕ್ಕೆ ಹೋಗುವ ದಾರಿಯಲ್ಲಿ ಬಸ್ಸಿಳಿದು ನಮ್ಮ ಮನೆಗೆ ಬರಬೇಕಾದ್ರೆ ಗುಡ್ಡೆ ಇಳಿಯಬೇಕು, ತೋಡು ದಾಟಬೇಕು, ತೋಟದೊಳಗೆ ನಡೀಬೇಕು. ತೋಡಿನ ಮೇಲೆ ಸಂಕ, ಅಂದ್ರೆ ಕಾಲುಸೇತುವೆ ಇದೆ, ಆಟಿ ತಿಂಗಳ ಜೋರು ಮಳೆಗೆ ಸಂಕದ ಮೇಲೂ ನೀರು. ದಾರಿ ಪೂರಾ ಮುರಕಲ್ಲಿನ ಕೆಂಪು ಮಣ್ಣು. ಬಿಳಿ ಸಾಕ್ಸ್ ಒಂದೇ ದಿನದಲ್ಲಿ ಇಟ್ಟಿಗೆ ಬಣ್ಣ ಆಗ್ತದೆ, ಎಷ್ಟು ತಿಕ್ಕಿದ್ರೂ ಹೋಗುದಿಲ್ಲ. ನಿನ್ನೆ ಹವಾಮಾನ ಇಲಾಖೆ ನಮ್ಮ ಜಿಲ್ಲೆಗೆ ಹಳದಿ ಅಲರ್ಟ್ ಹಾಕಿತ್ತು. ಹಳದಿ ಅಂದ್ರೆ 24 ಗಂಟೆಯಲ್ಲಿ 64.5ರಿಂದ 115.5 ಮಿಲ್ಲಿಮೀಟರ್ ಮಳೆ. 204.4 ದಾಟುವ ಲಕ್ಷಣ ಇದ್ದರೆ ಕೆಂಪು, ಆಗ ಕಲೆಕ್ಟರು ರಜೆ ಕೊಡ್ತಾರೆ. ಹಳದಿಗೆ ರಜೆ ಇಲ್ಲ, ಮಕ್ಕಳು ಹೋಗಬೇಕು. ಹೋಗ್ಲಿ, ನಾನು ಬೇಡ ಅನ್ನುದಿಲ್ಲ. ಆದರೆ ಅಷ್ಟು ಮಳೆಯಲ್ಲಿ ರೆಕ್ಸಿನಿನ ಕಪ್ಪು ಶೂ ಒಣಗಿಯೇ ಇರಬೇಕು ಅಂತ ಯಾವ ದೇವರು ಹೇಳಿದ?

ಮೊನ್ನೆ ಬಚ್ಚಲ ಒಲೆಯ ಪಕ್ಕ ಇಟ್ಟೆ. ಒಂದರ ಅಡಿ ಬಿಸಿಗೆ ಬಾಯಿ ಬಿಟ್ಟಿತು. ಫೆವಿಕ್ವಿಕ್ ಹಾಕಿ ಅಂಟಿಸಿದೆ. ಒಳಗೆ ಕಾಗದ ತುರುಕಿದೆ, ಫ್ಯಾನಿನ ಅಡಿ ಇಟ್ಟೆ, ರಾತ್ರಿ ಕರೆಂಟು ಹೋಯಿತು. ಬೆಳಿಗ್ಗೆ ಕೈ ಹಾಕಿದ್ರೆ ಒಳಗೆ ಪಚಪಚ. ಅವಳ ಕಾಲಿನ ಬೆರಳ ಸಂದು ಆಗಲೇ ಬೆಳ್ಳಗಾಗಿ ಸುಲಿದಿದೆ. ಅದಕ್ಕೆ ಮುಲಾಮು ಹಚ್ಚಿ, ಇವತ್ತೊಂದು ದಿನ ಚಪ್ಪಲಿ ಹಾಕು, ಟೀಚರಿಗೆ ಹೇಳು ಅಂತ ಕಳಿಸಿದ್ದೆ. ಅವಳು ಹೇಳಿದ್ದಾಳೆ. ಕೇಳುವವರು ಬೇಕಲ್ಲ.

ಈ ಹುಡುಗಿ ಯಾವ ನಿಯಮ ಮುರಿದವಳು ಹೇಳಿ. ಅಜ್ಜಿ ಕೊಟ್ಟ ಬೆಳ್ಳಿ ಗೆಜ್ಜೆಯನ್ನು ಶಾಲೆ ಸುರು ಆಗುವ ಮುಂಚೆಯೇ ಬಿಚ್ಚಿ ಡಬ್ಬಿಯಲ್ಲಿ ಹಾಕಿಟ್ಟಳು. ಎರಡು ಜಡೆ, ಕಪ್ಪು ರಿಬ್ಬನ್, ಮಡಚಿ ಕಟ್ಟುದು. ಉಗುರಿಗೆ ಬಣ್ಣ ಇಲ್ಲ, ತಲೆಗೆ ಮಲ್ಲಿಗೆ ಇಲ್ಲ. ಅಷ್ಟಮಿಗೆ ಹಾಕಿದ ಮದರಂಗಿ ಕೈಯಿಂದ ಹೋಗದಿದ್ದಾಗ ನಿಂಬೆಹುಳಿ ಹಾಕಿ ಚರ್ಮ ಕೆಂಪಾಗುವಷ್ಟು ತಿಕ್ಕಿಕೊಂಡಳು, ಕಳೆದ ವರ್ಷ. ಶಿಸ್ತು ಮನೆಯಿಂದ ಸುರು ಆಗಬೇಕಂತೆ. ಇನ್ನು ಎಲ್ಲಿಂದ ಸುರು ಮಾಡಬೇಕು?

ಮೇ ತಿಂಗಳಲ್ಲಿ ಇದೇ ಶಾಲೆಯವರು ನಮ್ಮ ಮನೆಗೆ ಬಂದಿದ್ದರು. ಕನ್ನಡ ಡಿವಿಜನಿಗೆ, ಅಂದ್ರೆ ಕನ್ನಡದಲ್ಲಿ ಕಲಿಸುವ ಕ್ಲಾಸಿಗೆ, ಮಕ್ಕಳು ಕಡಿಮೆ ಆಗಿದ್ದಾರೆ, ಇಂಗ್ಲಿಷ್ ಮೀಡಿಯಂಗೆ ಕಳಿಸಬೇಡಿ, ಡಿವಿಜನ್ ಹೋದರೆ ಟೀಚರ ಪೋಸ್ಟೂ ಹೋಗ್ತದೆ ಅಂತ ಕೇಳಿಕೊಂಡರು. ಮಜ್ಜಿಗೆ ಕೊಟ್ಟೆ. ಆಗ್ಲಿ ಅಂದೆ, ಮನಸ್ಸಿನಿಂದಲೇ ಅಂದೆ. ಕಾಸರಗೋಡಿನಲ್ಲಿ ಕನ್ನಡ ಉಳೀಬೇಕು ಅಂತ, ಕೇರಳಕ್ಕೆ ಸೇರಿಸಿದ 1956ರಿಂದ ಹೇಳ್ತಾ ಬಂದವರ ಮನೆ ನಮ್ಮದು, ನನ್ನ ಮಾವ ಅದಕ್ಕೆ ಮೆರವಣಿಗೆ ಹೋದವರು. ಕೇರಳದಲ್ಲಿ ಶಾಲೆ ಸುರು ಆಗಿ ಆರನೇ ಕೆಲಸದ ದಿನ ತಲೆ ಎಣಿಸ್ತಾರೆ, ಆ ಲೆಕ್ಕದ ಮೇಲೆ ಡಿವಿಜನ್, ಪೋಸ್ಟು ಎಲ್ಲ. ಆ ಆರನೇ ದಿನದವರೆಗೆ ನನ್ನ ಮಗಳ ಕಾಲಿನಲ್ಲಿ ಎಂತ ಇತ್ತು ಅಂತ ಒಬ್ಬರೂ ನೋಡ್ಲಿಲ್ಲ. ಜೂನಿನಲ್ಲೂ ಅದೇ ಹವಾಯಿ ಹಾಕಿ ಹೋಗಿದ್ದಳು, ಅದೇ ಬಿಳಿ ಬಾರು. ಎಣಿಸಿದ್ದು ತಲೆಯನ್ನು. ಈಗ ಕಾಲು ಬೇಕಾಯಿತಾ?

ಸಮವಸ್ತ್ರವೇ ಬೇಡ ಅಂತ ನಾನು ಹೇಳುದಲ್ಲ. ಒಂದೇ ಬಣ್ಣದ ಬಟ್ಟೆ ಹಾಕಿದ್ರೆ ಯಾರ ಅಪ್ಪ ಗಲ್ಫಿನಲ್ಲಿ, ಯಾರ ಅಮ್ಮ ಬೀಡಿ ಕಟ್ಟುದು ಅಂತ ಗೊತ್ತಾಗುದಿಲ್ಲ, ಒಳ್ಳೇದೇ. ಆದರೆ ಅದಕ್ಕೇ ತಂದ ನಿಯಮದಿಂದಲೇ ಶೂ ಇಲ್ಲದ ಐದು ಮಕ್ಕಳನ್ನು ಹೆಕ್ಕಿ ಹೊರಗೆ ನಿಲ್ಲಿಸಿದ್ರೆ ಆ ಬಟ್ಟೆಯ ಉಪಯೋಗ ಎಂತ? ಆ ಐದರಲ್ಲಿ ಕಾರಿನಲ್ಲಿ ಬರುವ ಮಗು ಒಂದೂ ಇಲ್ಲ. ಇರ್ಲಿಕ್ಕೆ ಸಾಧ್ಯವೂ ಇಲ್ಲ, ಕಾರಿನಲ್ಲಿ ಬರುವವರ ಶೂ ಗೇಟಿನವರೆಗೆ ಒಣಗಿಯೇ ಇರ್ತದೆ. ಸರ್ಕಾರದ ಸಮಗ್ರ ಶಿಕ್ಷಾ ಯೋಜನೆಯ ಲೆಕ್ಕದಲ್ಲಿ ಒಂದು ಮಗುವಿಗೆ ವರ್ಷಕ್ಕೆ ಎರಡು ಜೊತೆ ಸಮವಸ್ತ್ರಕ್ಕೆ ಅಂತ 600 ರೂಪಾಯಿ. ಅದು ಬಟ್ಟೆಗೇ ಸಾಲುದಿಲ್ಲ. ಶೂ, ಸಾಕ್ಸ್, ಎರಡನೇ ಜೊತೆ ಶೂ ಎಲ್ಲ ನಮ್ಮ ಕಿಸೆಯಿಂದ.

ಸಮವಸ್ತ್ರ ಅಂದ ಕೂಡಲೇ ಎಲ್ಲರಿಗೂ ದೊಡ್ಡ ದೊಡ್ಡ ವಿಷಯವೇ ನೆನಪಾಗುದು. ನನ್ನ ಗಂಡನ ಹತ್ತಿರ ಹೇಳಿದ್ರೆ ಇವರು ಉಡುಪಿಯ ಹಿಜಾಬಿನ ಗಲಾಟೆಗೆ ಹೋಗ್ತಾರೆ, 2022ರ ಅಕ್ಟೋಬರಿನಲ್ಲಿ ಸುಪ್ರೀಂ ಕೋರ್ಟಿನ ಇಬ್ಬರು ಜಡ್ಜರೇ ಒಂದು ಮಾತಿಗೆ ಬರ್ಲಿಲ್ಲ, ನೀನು ಎಂತ ಮಾಡ್ತಿ ಅಂತ. ಕೋಝಿಕ್ಕೋಡಿನ ಬಾಲುಶ್ಶೇರಿಯಲ್ಲಿ ಪ್ಲಸ್ ವನ್, ಅಂದ್ರೆ ಹನ್ನೊಂದನೇ ಕ್ಲಾಸಿನ ಹುಡುಗಿಯರಿಗೆ 2021ರಲ್ಲಿ ಪ್ಯಾಂಟು ಶರ್ಟು ಕೊಟ್ಟಾಗ ಟಿವಿಯಲ್ಲಿ ಎಷ್ಟು ಚರ್ಚೆ! ಹುಡುಗಿಯರೇ ಸುಲಭ ಆಗ್ತದೆ ಅಂದರು, ಒಳ್ಳೇದಾಯಿತು. ಅದರ ಬಗ್ಗೆ ಮಾತಾಡ್ಲಿಕ್ಕೆ ಮಂತ್ರಿಗಳು, ವಕೀಲರು, ಧರ್ಮದವರು ಎಲ್ಲರೂ ಇದ್ದಾರೆ. ಒದ್ದೆ ಶೂವಿನ ಬಗ್ಗೆ ಮಾತಾಡ್ಲಿಕ್ಕೆ ಯಾರಿದ್ದಾರೆ? ಕೋರ್ಟಿಗೆ ಹೋಗ್ಲಿಕ್ಕೆ ಇದು ಧರ್ಮ ಅಲ್ಲ, ಮಳೆ.

ಕಾಲಿನ ವಿಷಯ ಸಣ್ಣದು ಅನ್ನುವವರು ವಯನಾಡಿನ ಸುಲ್ತಾನ್ ಬತ್ತೇರಿ ನೆನಪು ಮಾಡಿಕೊಳ್ಳಿ. 2019ರ ನವೆಂಬರಿನಲ್ಲಿ ಅಲ್ಲಿನ ಶಾಲೆಯಲ್ಲಿ ಐದನೇ ಕ್ಲಾಸಿನ ಹುಡುಗಿಗೆ ತರಗತಿಯೊಳಗೇ ಹಾವು ಕಚ್ಚಿ ತೀರಿಹೋದಳು. ಗೋಡೆಯ ಬುಡದಲ್ಲಿ ಬಿಲ ಇತ್ತು, ಆಸ್ಪತ್ರೆಗೆ ಕೊಂಡುಹೋಗ್ಲಿಕ್ಕೆ ತಡ ಮಾಡಿದರು. ಕ್ಲಾಸಿನೊಳಗೆ ಚಪ್ಪಲಿ ಹಾಕ್ಲಿಕ್ಕೆ ಬಿಡ್ತಿರ್ಲಿಲ್ಲ ಅಂತ ಅವಳ ಜೊತೆಯ ಮಕ್ಕಳೇ ಕ್ಯಾಮರದ ಎದುರು ಹೇಳಿದ್ದನ್ನು ನಾವೆಲ್ಲ ನೋಡಿ ಅತ್ತಿದ್ದೇವೆ. ಅಲ್ಲಿ ಚಪ್ಪಲಿ ಹೊರಗೆ ಬಿಡಬೇಕು, ಇಲ್ಲಿ ಚಪ್ಪಲಿ ಹಾಕಿ ಬರಲೇಬಾರದು. ಮಗುವಿನ ಕಾಲಿಗೆ ಎಂತ ಬೇಕು ಅಂತ ಎರಡು ಕಡೆಯೂ ಯಾರೂ ಕೇಳಿದ್ದಿಲ್ಲ.

ಇನ್ನು ಆ ಶಾಲೆಗೆ ಕಳಿಸುದಿಲ್ಲ. ಟಿಸಿ ತೆಗೀತೇನೆ.

ತೆಗೆದು ಎಲ್ಲಿಗೆ ಕಳಿಸುದು? ಏಳನೇ ಕ್ಲಾಸಿಗೆ ಕನ್ನಡ ಇರುವ ಇನ್ನೊಂದು ಶಾಲೆಗೆ ಎರಡು ಬಸ್ಸು ಬದಲಾಯಿಸಬೇಕು. ವರ್ಷದ ನಡುವೆ ತೆಗೆದ್ರೆ ಅವಳ ಗೆಳತಿಯರು ಹೋದರು, ನೃತ್ಯ ಹೋಯಿತು, ಶಾಲೆಗಳ ಕಲಾಸ್ಪರ್ಧೆ ಕಲೋತ್ಸವ ಹೋಯಿತು. ಬಿಡು, ಏಳನೇ ಒಂದು ವರ್ಷ ಹೇಗಾದರೂ ಕಳೀತದೆ ಅಂತ ಇವರು ಹೇಳ್ತಾರೆ. ಅವರು ಹೇಳುದೂ ಸುಳ್ಳಲ್ಲ. ನಾಳೆ ಬೆಳಿಗ್ಗೆ ಆ ಹಸಿ ಶೂವಿನೊಳಗೆ ಅವಳ ಕಾಲು ತುರುಕಿ ಕಳಿಸುವವಳು ನಾನೇ ಅಂತ ನನಗೆ ಗೊತ್ತುಂಟು. ಕಳಿಸದೆ ಎಂತ ಮಾಡ್ಲಿ? ಮತ್ತೆ ಜಗಲಿಯಲ್ಲಿ ನಿಲ್ಲಿಸ್ಲಿಕ್ಕೆ ಬಿಡ್ಲಾ?

ಬಿಡುದಿಲ್ಲ. ನಾನು ಹುಡುಕಿ ಓದಿದೆ. 2009ರ ಶಿಕ್ಷಣ ಹಕ್ಕು ಕಾಯ್ದೆಯ 17ನೇ ಸೆಕ್ಷನ್ ಮಗುವಿಗೆ ದೈಹಿಕ ಶಿಕ್ಷೆ ಕೂಡದು, ಮಾನಸಿಕ ಕಿರುಕುಳವೂ ಕೂಡದು ಅಂತ ಬರೆದಿಟ್ಟಿದೆ. ಎಂಟನೇ ಕ್ಲಾಸಿನವರೆಗೆ ಎಲ್ಲ ಮಕ್ಕಳಿಗೂ ಅದು ಲಾಗೂ. ಅಸೆಂಬ್ಲಿಯಿಂದ ಹೆಕ್ಕಿ ತಂದು, ನಿಲ್ಲಿಸಿ, ಫೋಟೋ ತೆಗೆದು, ಹೆತ್ತವರ ಗುಂಪಿಗೆ ಹಾಕುದು ಕಿರುಕುಳ ಅಲ್ಲದಿದ್ರೆ ಇನ್ನು ಯಾವುದು? ಬೆತ್ತದಲ್ಲಿ ಎರಡು ಹೊಡೆದಿದ್ರೆ ಸಂಜೆಗೆ ಮರೀತಿದ್ದಳು. ಇದು ನೂರು ಜನರ ಫೋನಿನಲ್ಲಿ ಕೂತಿದೆ.

ಯಾರಾದರೂ ಒಬ್ಬರು ಉತ್ತರ ಕೊಡಿ. ಟೀಚರ್ ಕೊಡಿ, ಹೆಡ್ಮಾಷ್ಟ್ರು ಕೊಡಿ, ಮ್ಯಾನೇಜರು ಕೊಡಿ, ಹೆತ್ತವರ ಮತ್ತು ಟೀಚರುಗಳ ಸಂಘದ (ಪಿಟಿಎ) ಅಮ್ಮಂದಿರ ವಿಭಾಗ ಮದರ್ ಪಿಟಿಎಯವರು ಕೊಡಿ. ವರ್ಷಕ್ಕೆ ಸುಮಾರು 3,500 ಮಿಲ್ಲಿಮೀಟರ್ ಮಳೆ ಬೀಳುವ ಜಿಲ್ಲೆಯಲ್ಲಿ ಜೂನಿನಿಂದ ಸೆಪ್ಟೆಂಬರಿನವರೆಗೆ ಮಕ್ಕಳು ಚಪ್ಪಲಿ ಹಾಕಬಹುದು ಅಂತ ಒಂದು ಸಾಲು ಬರೀಲಿಕ್ಕೆ ಎಂತ ತೊಂದರೆ? ರಜೆಯನ್ನೇ ಜೂನ್ ಜುಲೈಗೆ ಹಾಕಿದ್ರೆ ಹೇಗೆ ಅಂತ 2025ರಲ್ಲಿ ಕೇರಳದ ಶಿಕ್ಷಣ ಮಂತ್ರಿ ಆಗಿದ್ದ ವಿ. ಶಿವನ್‌ಕುಟ್ಟಿಯವರೇ ಜನರ ಮುಂದೆ ಕೇಳಿದ್ದರು. ಮಂತ್ರಿಗೆ ಮಳೆ ಕಂಡಿತು. ಗೇಟಿನಲ್ಲಿ ನಿಂತು ಕಾಲು ನೋಡುವವರಿಗೆ ಕಾಣುದಿಲ್ವಾ?

ಅರ್ಜಿ ಬರೆದಿಟ್ಟಿದ್ದೇನೆ, ಎರಡು ಪ್ರತಿ. ಒಂದು ಹೆಡ್ಮಾಷ್ಟ್ರಿಗೆ. ಉತ್ತರ ಬರದಿದ್ರೆ ಇನ್ನೊಂದು ಸಹಾಯಕ ಶಿಕ್ಷಣಾಧಿಕಾರಿಯ (ಎಇಒ) ಆಫೀಸಿಗೆ, ಅಲ್ಲಿಯೂ ಆಗದಿದ್ರೆ ಮಕ್ಕಳ ಹಕ್ಕು ಆಯೋಗಕ್ಕೆ. ಮಗಳಿಗೆ ಇನ್ನೂ ಹೇಳಲಿಲ್ಲ. ಹೇಳಿದ್ರೆ ಬೇಡ ಅಮ್ಮ ಅಂತಾಳೆ, ಮತ್ತೆ ನನ್ನ ಧೈರ್ಯ ಹೋಗ್ತದೆ.

ಶುಕ್ರವಾರ ಎರಡು ಗಂಟೆಗೆ ಪಿಟಿಎ ಮೀಟಿಂಗ್ ಉಂಟು. ಉಳಿದ ನಾಲ್ಕು ಮಕ್ಕಳ ಅಮ್ಮಂದಿರು ಯಾರು ಅಂತ ನನಗೆ ಗೊತ್ತಿಲ್ಲ, ಇದನ್ನು ಓದಿದ್ರೆ ದಯವಿಟ್ಟು ಬನ್ನಿ, ಒಟ್ಟಿಗೆ ಕೂತುಕೊಳ್ಳುವ. ಹೆಬ್ಬೆರಳು ಒತ್ತಿದವರೂ ಬನ್ನಿ. ಒಳ್ಳೆ ಕೆಲಸ ಅಂತ ಬರೆದದ್ದನ್ನು ನನ್ನ ಎದುರು ಬಾಯಿಬಿಟ್ಟು ಹೇಳಿ.