‘ಹೂಂ’ ಅಂದರೆ ಸಾಲದು

ಅಮೆರಿಕಕ್ಕೆ ಬಂದ ಮೇಲೆ ಸಣ್ಣ ವಿಮಾನ ಹಾರಿಸೋದು ಕಲಿಯಲು ಹೋಗಿದ್ದೆ. ಹಾರಿಸುವುದಕ್ಕಿಂತ ಕಷ್ಟವಾಗಿದ್ದು ರೇಡಿಯೋದಲ್ಲಿ ಮಾತಾಡೋದು. ಒಂದು ದಿನ ಟವರ್‌ನಲ್ಲಿ ಕೂತು ವಿಮಾನಗಳಿಗೆ ಸೂಚನೆ ಕೊಡುವ ಕಂಟ್ರೋಲರ್ ಹೆಂಗಸು ‘ಹೋಲ್ಡ್ ಶಾರ್ಟ್’ ಅಂದರು. ರನ್‌ವೇ ಒಳಗೆ ಬರದೆ ಈಚೆಗೇ ನಿಲ್ಲು ಅಂತ. ನಾನು ‘ರೋಜರ್’ ಅಂದೆ. ಆಕೆ ಮತ್ತೆ ಅದನ್ನೇ ಹೇಳಿದರು. ನಾನು ಮತ್ತೆ ‘ರೋಜರ್’. ಕೊನೆಗೆ ಪಕ್ಕದಲ್ಲಿದ್ದ ಗುರುಗಳು ಮೈಕ್ ಒತ್ತಿ, ರನ್‌ವೇ ನಂಬರು, ನಮ್ಮ ವಿಮಾನದ ನಂಬರು ಸೇರಿಸಿ ಆಕೆಯ ಮಾತನ್ನೇ ತಿರುಗಿ ಒಪ್ಪಿಸಿದರು. ಆಗ ಬಿಟ್ಟರು.

ರೋಜರ್ ಅಂದರೆ ಕೇಳಿಸಿತು ಅಂತ, ಅಷ್ಟೇ. ಮಾಡ್ತೀನಿ ಅಂತಲ್ಲ. ನಾನದನ್ನು ನಮ್ಮ ‘ಹೂಂ’ ಲೆಕ್ಕದಲ್ಲಿ ಬಳಸಿದ್ದೆ. ಕೇಳಿಸ್ತು, ಆಯ್ತು, ಆಮೇಲೆ ನೋಡೋಣ, ಸಾಕು ನಿಲ್ಸು, ಎಲ್ಲದಕ್ಕೂ ನಮಗೆ ಅದೊಂದೇ ಹೂಂ.

ಅವಿಯಾಂಕಾ ಕಂಪನಿಯ 52ನೇ ನಂಬರಿನ ವಿಮಾನದ ಕತೆ ಓದಿದ್ದು ಆಮೇಲೆ. 1990ರ ಜನವರಿ 25. ಕೊಲಂಬಿಯಾದಿಂದ ನ್ಯೂಯಾರ್ಕಿಗೆ ಬಂದ ವಿಮಾನವನ್ನು ಒಂದು ಗಂಟೆಗೂ ಜಾಸ್ತಿ ಆಕಾಶದಲ್ಲೇ ಕಾಯಿಸಿದ್ದರು. ಮೊದಲ ಸಲ ಇಳಿಯಲು ಆಗಲಿಲ್ಲ. ಎಮರ್ಜೆನ್ಸಿ ಅಂತ ಹೇಳು ಅಂದರು ಕ್ಯಾಪ್ಟನ್, ಸ್ಪ್ಯಾನಿಷ್‌ನಲ್ಲಿ. ಕೋಪೈಲಟ್ ಮೊದಲು ಕಂಟ್ರೋಲರ್ ಕೊಟ್ಟ ದಿಕ್ಕನ್ನು ಒಪ್ಪಿಸಿ, ಇನ್ನೊಂದು ಸಲ ನೋಡ್ತೀವಿ ಅಂದು, ಕೊನೆಗೆ ಇಂಧನ ಮುಗೀತಾ ಇದೆ ಅಂತ ಸೇರಿಸಿದರು. ಆಚೆಯಿಂದ ‘ಓಕೆ’. ಎಮರ್ಜೆನ್ಸಿ ಅನ್ನೋ ಪದ ರೇಡಿಯೋದಲ್ಲಿ ಬರಲೇ ಇಲ್ಲ. ನಾಲ್ಕೂ ಎಂಜಿನ್ ನಿಂತವು. 73 ಜನ ಸತ್ತರು.

ಆ ಕೋಪೈಲಟ್ ಧಾಟಿ ನನಗೆ ಗೊತ್ತು. ದೊಡ್ಡವರ ಹತ್ತಿರ ಕಷ್ಟ ಹೇಳಲು ಹೋದಾಗ ನಾವೂ ಹಾಗೇ ಅಲ್ವಾ? ಬೇರೆಲ್ಲ ಮಾತಾಡಿ, ಹೊರಡುವಾಗ ಬಾಗಿಲ ಹತ್ತಿರ ನಿಂತು ನಿಜವಾದ ವಿಷಯ ತೆಗೆಯುತ್ತೇವೆ. ಇಲ್ಲಿನವರು ಬಾಗಿಲ ತನಕ ಕಾಯುವುದಿಲ್ಲ. ಕಷ್ಟ ಇದ್ದರೆ ಬಂದ ತಕ್ಷಣ ಹೇಳುತ್ತಿದ್ದರು ಅಂದುಕೊಳ್ಳುತ್ತಾರೆ.

ಹಾಗಂತ ತಪ್ಪೆಲ್ಲ ಇಂಗ್ಲಿಷ್ ಮನೆಮಾತಲ್ಲದ ಹೊರಗಿನವರದೇ ಅನ್ನೋದನ್ನು ನಾನು ಒಪ್ಪೋದಿಲ್ಲ. 1989ರಲ್ಲಿ ಕ್ವಾಲಾಲಂಪುರದ ಬಳಿ ಒಂದು ಅಮೆರಿಕನ್ ಕಾರ್ಗೋ ವಿಮಾನಕ್ಕೆ 2,400 ಅಡಿಗೆ ಇಳಿಯಲು ಹೇಳಿದರು: ‘ಟೂ ಫೋರ್ ಜೀರೋ ಜೀರೋ’. ಮೊದಲ ‘ಟೂ’ ಅಂಕಿಯಲ್ಲ, ‘ಗೆ’ ಅನ್ನೋ ಅರ್ಥದ ‘ಟು’ ಅಂದುಕೊಂಡ ಪೈಲಟ್‌ಗಳು 400 ಅಡಿ ಅಂತ ಉತ್ತರ ಕೊಟ್ಟರು. ಕಂಟ್ರೋಲರ್ ತಿದ್ದಲಿಲ್ಲ. ವಿಮಾನ ಗುಡ್ಡಕ್ಕೆ ಬಡಿದು ನಾಲ್ವರೂ ಸತ್ತರು. ಇಂಗ್ಲಿಷ್ ಮನೆಮಾತಾಗಿದ್ದು ಅಲ್ಲೇನು ಉಪಯೋಗಕ್ಕೆ ಬಂತು?

ಇಲ್ಲಿ ರೇಡಿಯೋ ಕೇಳುತ್ತಾ ಕೂತರೆ ಗೊತ್ತಾಗುತ್ತದೆ. 3,500 ಅಡಿ ಅನ್ನೋದನ್ನು ಸುಮ್ನೆ ‘ತ್ರೀ ಪಾಯಿಂಟ್ ಫೈವ್’ ಅಂದು ಮುಗಿಸುವ ಪೈಲಟ್‌ಗಳಿದ್ದಾರೆ. ಎಕ್ಸ್‌ಪ್ರೆಸ್ ರೈಲಿನ ವೇಗದಲ್ಲಿ ಮಾತಾಡುವ ಕಂಟ್ರೋಲರ್‌ಗಳಿದ್ದಾರೆ. ರನ್‌ವೇ ಮೇಲೆ ನಿಂತು ಕಾಯಿ ಅನ್ನಲು ಬೇರೆ ದೇಶಗಳಲ್ಲಿ ‘ಲೈನ್ ಅಪ್ ಆ್ಯಂಡ್ ವೇಟ್’ ಅಂತಿದ್ದಾಗ, ಅಮೆರಿಕ 2010ರ ತನಕ ತನ್ನದೇ ‘ಪೊಸಿಷನ್ ಆ್ಯಂಡ್ ಹೋಲ್ಡ್’ ಇಟ್ಟುಕೊಂಡಿತ್ತು.

ಅಂತರರಾಷ್ಟ್ರೀಯ ನಿಯಮದಲ್ಲಿ ಪೈಲಟ್, ಕಂಟ್ರೋಲರ್‌ಗಳ ಇಂಗ್ಲಿಷಿಗೆ ಆರು ಮಟ್ಟ. ನಾಲ್ಕನೆಯದರಲ್ಲಿ ಪಾಸಾದವರಿಗೆ ಮೂರು ವರ್ಷಕ್ಕೊಮ್ಮೆ ಮತ್ತೆ ಪರೀಕ್ಷೆ. ಎಲ್ಲಕ್ಕಿಂತ ಮೇಲಿನ ಆರನೆಯ ಮಟ್ಟದವರಿಗೆ ಇಲ್ಲ. ನನ್ನ ಕೇಳಿದರೆ ಅವರಿಗೂ ಒಂದು ಇಡಬೇಕು: ನಾಲ್ಕನೇ ಮಟ್ಟದವರಿಗೆ ಅರ್ಥವಾಗುವ ಹಾಗೆ ನಿಧಾನವಾಗಿ, ನೆಟ್ಟಗೆ ಮಾತಾಡಿ ತೋರಿಸುವ ಪರೀಕ್ಷೆ.